ಹಿಂದಿನ ಎಡ ಚಕ್ರ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಎಷ್ಟು ಸಲ ಹೇಳಿದರೂ ನನ್ನ ಬಾಯಿ ದಣಿಯುವುದಿಲ್ಲ. ಕೇಳುವವರ ಕಿವಿ ದಣಿದರೆ ಅದು ಅವರ ಪಾಡು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟು ರಾಗಿ ಹೊಲದ ಕಳೆಗೆ ಇಳಿದವಳು ನಾನು. ಆದರೂ ಇದನ್ನು ಕೂತು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಹೊರಟರೆ ನಮ್ಮನೆಯವರು ನಡುವೆ ಬಾಯಿ ಹಾಕಿ, ಹಾಗಲ್ಲ ಹೀಗೆ ಎಂದು ಕಥೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

ಹೆಸರಿಡುವ ದಿನ ಬೆಟ್ಟದ ಕೆಳಗಿನ ಸತ್ಯಮಂಗಲದಲ್ಲಿ, ಬೀಗರ ಮನೆಯಲ್ಲಿ ಅವಳನ್ನು ಮೊದಲು ಎತ್ತಿಕೊಂಡೆ. ಹಣೆಗೆ ಇಟ್ಟ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು. ನನ್ನ ಕಿರುಬೆರಳು ಹಿಡಿದುಕೊಂಡಳು, ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಊಟಕ್ಕೆ ಎಲೆ ಹಾಕಿ ಕರೆದರು, ಆಮೇಲೆ ಬರುತ್ತೇನೆ ಎಂದೆ. ಆಗ ಬೀಗಿತ್ತಿ ಬಂದು, ಕೂಸಿಗೆ ಹಸಿವಾಗಿರಬೇಕು ಎಂದು ನನ್ನ ಮಡಿಲಿನಿಂದ ಎತ್ತಿಕೊಂಡು ಒಳಕ್ಕೆ ಹೋದರು. ಬೆರಳು ಬಿಟ್ಟುಹೋಯಿತು. ಬೆಟ್ಟದ ಮೇಲಿನ ನಮ್ಮೂರು ದೊಡ್ಡಗಾಜನೂರಿಗೆ ವಾಪಸು ಬರುವ ದಾರಿ ಉದ್ದಕ್ಕೂ ಆ ಬೆರಳನ್ನೇ ನೋಡಿಕೊಂಡು ಬಂದೆ.

ನಮ್ಮವರಲ್ಲಿ ಚೊಚ್ಚಲ ಕೂಸು ತಾಯಿಯ ತವರಲ್ಲಿ ಹುಟ್ಟಿ ಐದನೇ ತಿಂಗಳಲ್ಲಿ ತಂದೆಯ ಮನೆಗೆ ಬರಬೇಕು. ಸೋಮವಾರವೇ ಆಗಬೇಕು, ಬಿಸಿಲು ಇರುವಾಗಲೇ ಹೊಸಿಲು ದಾಟಬೇಕು. ಕರೆದು ತರಲು ಅಜ್ಜಿಯೇ ಹೋಗಬೇಕು, ಗಾಡಿಯೂ ತಂದೆಯ ಕಡೆಯದೇ ಇರಬೇಕು. ಐದು ತಪ್ಪಿದರೆ ಏಳು. ಆರು ಸಮ ತಿಂಗಳು, ಆಗ ಕೂಸನ್ನು ತರುವಂತಿಲ್ಲ. ನಾನು ಐದಕ್ಕೇ ಕಾದಿದ್ದೆ. ತೊಟ್ಟಿಲು ಬಿಸಿಲಿಗೆ ಇಟ್ಟು ಒರೆಸಿದ್ದೆ. ಮೆತ್ತನೆಯ ಹಳೆ ಸೀರೆಗಳನ್ನು ಹರಿದು ಬಟ್ಟೆ ಮಾಡಿಟ್ಟಿದ್ದೆ. ಹೊಸ ಕಂಬಳಿ ತರಿಸಿದ್ದೆ. ನಮ್ಮ ಬೆಟ್ಟದ ಗಾಳಿ ಕೆಳಗಿನವರಿಗೆ ಚಳಿ, ಅಲ್ಲಿ ಹುಟ್ಟಿದ ಕೂಸಿಗೆ ಇನ್ನೂ ಚಳಿ.

ಅಡ್ಡ ಬಂದದ್ದು ಒಂದು ದೀಪ.

ಮಗ ತರಕಾರಿ ಮಂಡಿ ವ್ಯಾಪಾರಕ್ಕೆಂದು ಒಂದು ಹಳೆ ಕಾರು ಇಟ್ಟುಕೊಂಡಿದ್ದಾನೆ. ಕೋಸು, ಬೀಟ್‌ರೂಟು ಲಾರಿಯಲ್ಲಿ ಬೆಟ್ಟದ ಗಾಟಿ ಇಳಿಯುತ್ತವೆ, ಇವನು ಹಿಂದೆ ಕಾರಿನಲ್ಲಿ ಇಳಿಯುತ್ತಾನೆ. ಹಾಗೆ ಹೋದಾಗ ಒಂದು ದಿನ ಬೀಗರನ್ನು ಪೇಟೆಗೆ ಕೂರಿಸಿಕೊಂಡು ಹೋದನಂತೆ. ಸ್ಟೇರಿಂಗಿನ ಹಿಂದಿನ ಗಾಜಿನಲ್ಲಿ ಹಳದಿ ದೀಪವೊಂದು ಉರಿಯುತ್ತಿದ್ದದ್ದು ಅವರ ಕಣ್ಣಿಗೆ ಬಿತ್ತು. ನಾನೂ ಆಮೇಲೆ ನೋಡಿದೆ. ಬಾಯಿ ಒಡೆದ ಮಡಕೆಯ ಒಳಗೆ ಒಂದು ಗೀಟು, ಕೆಳಗೆ ಚುಕ್ಕಿ. ಪಕ್ಕದಲ್ಲಿ ಕಾರಿನ ಚಿತ್ರ, ನಾಲ್ಕು ಚಕ್ರ. ಮೂರು ಚಕ್ರಕ್ಕೆ ಗಾಳಿಯ ಅಂಕಿ ಇತ್ತು. ಹಿಂದಿನ ಎಡ ಚಕ್ರಕ್ಕೆ ಬರೀ ಗೀಟು. ಟೈರಿನಲ್ಲಿ ಗಾಳಿ ಸರಿಯಾಗಿದೆ, ಗಾಳಿ ಅಳೆದು ಹೇಳುವ ಸೆನ್ಸರ್ ಮಾತ್ರ ಸತ್ತಿದೆ, ಅಷ್ಟೇ, ಎಂದು ಮಗ ಬೀಗರಿಗೆ ಹೇಳಿದ. ಬೀಗರು ಮನೆಗೆ ಹೋಗಿ ಬೀಗಿತ್ತಿಗೆ ಹೇಳಿದರು. ಬೀಗಿತ್ತಿ ನನಗೆ ಫೋನು ಮಾಡಿದರು.

"ಅಕ್ಕಾ, ದೀಪ ಉರೀತಿರೋ ವಂಡೀಲಿ ನಮ್ ಕೂಸ್ನ ಅತ್ತುಸಾಕಿಲ್ಲ. ನೀವು ಒಲಕ್ಕೆ ಗೊಬ್ರ ಒಡೆಯೋ ದಾರಿ ಅಲ್ಲ ಕಣಕ್ಕ ಇದು, ಗಾಟಿ."

ನಾನು ಗಾಟಿ ಕಾಣದವಳು! ಈಗ ಗಾಡಿಗೆ ವಂಡಿ ಎನ್ನುವ ಈ ಬೀಗಿತ್ತಿ ಹುಟ್ಟಿದ್ದು ಪಣಕಹಳ್ಳಿಯಲ್ಲಿ, ನಮ್ಮ ಹೊಲದ ತಲೆಯಲ್ಲಿ ನಿಂತರೆ ಅವರ ಊರಿನ ದಾರಿ ಕಾಣುತ್ತದೆ. ಸೊಪ್ಪಿನ ಮೂಟೆಯ ಮೇಲೆ ಕೂತು ಅದೇ ಗಾಟಿ ಇಳಿದವರು. ನನ್ನ ಮಗ ಐದನೇ ತಿಂಗಳಲ್ಲಿ ಬಂದದ್ದು ತರಕಾರಿ ಲಾರಿಯ ಡ್ರೈವರ್ ಪಕ್ಕದಲ್ಲಿ, ನನ್ನ ಅತ್ತೆಯ ಮಡಿಲಲ್ಲಿ. ಆ ಲಾರಿಗೆ ದೀಪವಿರಲಿ, ಬಾಗಿಲಿಗೆ ಚಿಲಕವೂ ಇರಲಿಲ್ಲ, ಹಗ್ಗ ಕಟ್ಟಿದ್ದರು. ಇದೆಲ್ಲ ನಾಲಿಗೆ ತುದಿಗೆ ಬಂತು. ನುಂಗಿದೆ. ಕೂಸು ಅವರ ಮನೆಯಲ್ಲಿತ್ತು, ನನ್ನ ಬಾಯಿ ನನ್ನ ಮನೆಯಲ್ಲಿತ್ತು. ಸರಿ ಮಾಡಿಸುತ್ತೇವೆ ಎಂದೆ.

ಬಸ್ಸಿನಲ್ಲಿ ತರೋಣ ಎಂದರು ನಮ್ಮನೆಯವರು. ಸೊಸೆಗೆ ಫೋನಿನಲ್ಲಿ ಹೇಳಿದೆ. ಹಿಂದಿನಿಂದ ಅವರಮ್ಮನ ಧ್ವನಿ ಕೇಳಿಸಿತು: ಬಸ್ಸಂತೆ, ಬಸ್ಸು. ಬಾಡಿಗೆ ಕಾರು ವಿಚಾರಿಸಿದರೆ ಮದುವೆ ಲಗ್ನಗಳ ಕಾಲ, ಇದ್ದಬದ್ದ ಗಾಡಿಗಳೆಲ್ಲ ಮಾತಾಗಿಹೋಗಿದ್ದವು. ತಾಳವಾಡಿಯ ಪಂಕ್ಚರ್ ಅಂಗಡಿಯವನು ಸೆನ್ಸರ್ ಇರುವ ಚಕ್ರ ಮುಟ್ಟುವುದೇ ಇಲ್ಲ ಎಂದ. ಹಿಂದೆ ಯಾರದೋ ಗಾಡಿಯ ಟೈರು ಬಿಚ್ಚುವಾಗ ಮುರಿದು ಬೈಸಿಕೊಂಡಿದ್ದನಂತೆ. ಕಂಪನಿಯ ಶೆಡ್ಡಿಗೆ ಬಿಡಬೇಕೆಂದರೆ ದೂರದ ಪಟ್ಟಣ, ಅಲ್ಲೂ ಆ ವಾರ ಆಗುವುದಿಲ್ಲ ಎಂದರು. ಕೊನೆಗೆ ಮಗ ಫೋನಿನಲ್ಲೇ ಸೆನ್ಸರ್ ತರಿಸಿದ. ಮನೆಯಲ್ಲೇ ಹಾಕುತ್ತೇನೆ, ಹಾಕುವುದನ್ನು ವಿಡಿಯೋದಲ್ಲಿ ನೋಡಿದ್ದೇನೆ ಎಂದ. ಪಾರ್ಸಲ್ಲು ಎಲ್ಲೆಲ್ಲೋ ಸುತ್ತಿ ಬಂದದ್ದು ಐದನೇ ತಿಂಗಳ ಕೊನೆಯ ಭಾನುವಾರ. ಉಳಿದಿದ್ದದ್ದು ಒಂದೇ ಸೋಮವಾರ, ಮಾರನೇ ದಿನದ್ದು.

ಸೋಮವಾರ ಬೆಳಕು ಹರಿಯುತ್ತಲೇ ನಾನು ಮಿಂದು ರೇಷ್ಮೆ ಸೀರೆ ಉಟ್ಟು ರೆಡಿಯಾಗಿದ್ದೆ. ತಿಂಡಿ ಹೊತ್ತಿಗೆ ಚಕ್ರದ ಕೆಲಸ ಮುಗಿದು, ಮಧ್ಯಾಹ್ನಕ್ಕೆ ಸತ್ಯಮಂಗಲ ಮುಟ್ಟಿ, ಗಾಟಿಯ ಗೇಟು ಹಾಕುವ ಮೊದಲು ಮೇಲೆ ಹತ್ತಿಬಿಡಬೇಕು. ಕಾಡುಪ್ರಾಣಿ ಓಡಾಡಲಿ ಎಂದು ಸಂಜೆಯ ಮೇಲೆ ಗಾಡಿಗಳನ್ನು ಬಿಡುವುದಿಲ್ಲವಲ್ಲ. ಕಂಬಳಿ, ಬಟ್ಟೆಯ ಗಂಟು, ದೃಷ್ಟಿಗೆ ಕಾಡಿಗೆ, ಎಲ್ಲವನ್ನೂ ಜಗಲಿಯ ಮೇಲೆ ಇಟ್ಟಿದ್ದೆ.

ಅಂಗಳದಲ್ಲಿ ಮಗ ಜಾಕಿ ಕೊಟ್ಟು ಹಿಂದಿನ ಎಡ ಚಕ್ರ ಬಿಚ್ಚಿದ. ವಾಲಿನಿಂದ, ಅಂದರೆ ಗಾಳಿ ಹೊಡೆಯುವ ಮೂತಿಯಿಂದ, ಗಾಳಿ ತೆಗೆದು ಗೋಣಿಚೀಲದ ಮೇಲೆ ಮಲಗಿಸಿದ. ಟೈರಿನ ಅಂಚು ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತದೆ, ಅದನ್ನು ಬಿಡಿಸಲು ಅಂಗಡಿಯಲ್ಲಿ ಮಿಷನ್ ಇರುತ್ತದೆ. ನಮ್ಮಲ್ಲಿ ಟ್ರ್ಯಾಕ್ಟರ್ ಇತ್ತು. ನಮ್ಮನೆಯವರು ಹಿಂದಕ್ಕೆ ತಂದು ದೊಡ್ಡ ಚಕ್ರವನ್ನು ಮೆಲ್ಲಗೆ ಟೈರಿನ ಅಂಚಿನ ಮೇಲೆ ಹತ್ತಿಸಿದರು. ವಾಲಿನ ಕಡೆ ಬೇಡ, ಎದುರು ಕಡೆ, ಎದುರು ಕಡೆ ಎಂದು ಮಗ ಕೂಗುತ್ತಿದ್ದ. ಲೊಟ್ ಎಂದು ಅಂಚು ಬಿಟ್ಟುಕೊಂಡಿತು. ವಾಲಿನ ಹತ್ತಿರ ಹಾರೆಗೆ ಬಟ್ಟೆ ಸುತ್ತಿ ಟೈರನ್ನು ಒತ್ತಿ ಹಿಡಿದರು. ಸಂದು ಬಿಟ್ಟಿತು. ಆದರೆ ಆ ಸಂದಿನಲ್ಲಿ ಇಬ್ಬರ ಕೈಯೂ ಹೋಗಲಿಲ್ಲ. ಒಬ್ಬರದು ಗುದ್ದಲಿ ಹಿಡಿದ ಕೈ, ಇನ್ನೊಬ್ಬರದು ಅದಕ್ಕೆ ಹುಟ್ಟಿದ ಕೈ.

"ಅವ್ವ, ನಿನ್ ಕೈ ಓಯ್ತದೆ ನೋಡು," ಎಂದ ಮಗ.

ಹಸು ಈಯುವಾಗ ಕರುವಿನ ಕಾಲು ಮಡಚಿಕೊಂಡರೆ ನಮ್ಮ ಕೊಟ್ಟಿಗೆಯಲ್ಲಿ ನನ್ನ ಕೈಯೇ ಆಗಬೇಕು. ರೇಷ್ಮೆ ಸೀರೆ ಎತ್ತಿ ಕಟ್ಟಿ, ಬಳೆ ಮೇಲೆ ಸರಿಸಿ, ಗೋಣಿಯ ಮೇಲೆ ಮಂಡಿಯೂರಿದೆ. ಮಗ ಹೊರಗಿನ ತಿರುಪು ಬಿಚ್ಚಿದ ಮೇಲೆ ಒಳಗೆ ಬೆರಳಿಗೆ ಅದು ಸಿಕ್ಕಿತು. ಗೊದಮೊಟ್ಟೆಯ ಹಾಗೆ ಇತ್ತು, ಕಪ್ಪು ತಲೆ, ವಾಲೇ ಬಾಲ. ಇಷ್ಟೇನಾ ಎನಿಸಿತು. ಇಷ್ಟು ಗಾತ್ರದ್ದು ನನ್ನ ಮೊಮ್ಮಗಳನ್ನು ಗಾಟಿಯ ಕೆಳಗೇ ತಡೆದು ಕೂರಿಸಿತ್ತು. ಹೊಸದನ್ನು ಅದೇ ಸಂದಿನಲ್ಲಿ ಇಳಿಸಿ ಬಾಲವನ್ನು ತೂತಿನಿಂದ ಹೊರಕ್ಕೆ ತಳ್ಳುವಾಗ ನಮ್ಮನೆಯವರ ಹಾರೆ ಜಾರಿತು. ಟೈರು ನನ್ನ ಬೆರಳುಗಳನ್ನು ಕಚ್ಚಿಕೊಂಡಿತು. ನಾನು ಕೂಗಲಿಲ್ಲ, ಬಾಲ ಬಿಡಲೂ ಇಲ್ಲ. ಮಗ ತಿರುಪು ಹಾಕಿದ ಮೇಲೆಯೇ ಕೈ ತೆಗೆದದ್ದು. ಉಗುರು ಕಪ್ಪಾಗಿತ್ತು.

ಸೋಪಿನ ನೀರು ಸವರಿ, ಟೈರಿನ ಸುತ್ತ ಹಗ್ಗ ಕಟ್ಟಿ ಕೋಲು ಹಾಕಿ ತಿರುಚಿ ಬಿಗಿದು, ಸಣ್ಣ ಪಂಪಿನಲ್ಲಿ ಗಾಳಿ ಹೊಡೆದಾಗ ಅಂಚು ಟಪ್ ಎಂದು ಕೂತಿತು. ಮಗ ಚಕ್ರ ಹಾಕಿ ತಾಳವಾಡಿಯವರೆಗೆ ಓಡಿಸಿಕೊಂಡು ಬರುತ್ತೇನೆ ಎಂದು ಹೋದ. ಸ್ವಲ್ಪ ಓಡಿದರೆ ಹೊಸ ಸೆನ್ಸರನ್ನು ಗಾಡಿ ಗುರುತು ಹಿಡಿಯುತ್ತದಂತೆ. ನಾನು ಕೈ ತೊಳೆದು ಮತ್ತೆ ಕುಂಕುಮ ಇಟ್ಟುಕೊಂಡೆ. ಎಷ್ಟು ಸಂತೋಷ ಎಂದರೆ, ಎದುರು ಮನೆಯವಳಿಗೆ ಕೂಗಿ, ಆರತಿಗೆ ಅರಿಶಿನದ ನೀರು ಕಲಸಿಡು ಎಂದುಬಿಟ್ಟೆ.

ಮಗ ಬಂದ. ಇಳಿಯಲಿಲ್ಲ. ನಾನೇ ಹೋಗಿ ಗಾಜಿನಲ್ಲಿ ಇಣುಕಿದೆ. ಒಡೆದ ಮಡಕೆ ಹಾಗೆಯೇ ಇತ್ತು. ಹಿಂದಿನ ಎಡ ಚಕ್ರದ ಗೀಟೂ ಹಾಗೆಯೇ ಇತ್ತು. ಈಗ ಅದರ ಜೊತೆಗೆ ಮುಂದಿನ ಬಲ ಚಕ್ರಕ್ಕೂ ಒಂದು ಗೀಟು. ನಾವು ಮುಟ್ಟದ ಚಕ್ರಕ್ಕೆ.

ನಮ್ಮನೆಯವರು ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡರು. ಹಾಗೆ ಮಾಡಿದರೆ ಏನೋ ಎಡವಟ್ಟು ಹೊಳೆದಿದೆ ಎಂದೇ ಅರ್ಥ.

"ಚಕ್ರ ಬದ್ಲಾಯ್ಸಿದ್ವಲ್ಲ ಕಣ್ಲಾ," ಎಂದರು.

ಗಾಟಿ ಹತ್ತಿಳಿಯುವ ಗಾಡಿಗಳಿಗೆ ಮುಂದಿನ ಟೈರು ಬೇಗ ಸವೆಯುತ್ತದೆ, ಅದೂ ಹೊರ ಅಂಚಿನಲ್ಲಿ. ತಿರುವು ತಿರುವಿನಲ್ಲೂ ಅದೇ ಉಜ್ಜುವುದು. ಅದಕ್ಕೆ ನಮ್ಮ ಕಡೆ ಎಲ್ಲರೂ ಕಾಲಕಾಲಕ್ಕೆ ಮುಂದಿನದನ್ನು ಹಿಂದಕ್ಕೆ, ಎಡದ್ದನ್ನು ಬಲಕ್ಕೆ ಹಾಕುತ್ತಾರೆ. ನೊಗದಲ್ಲಿ ಎತ್ತುಗಳನ್ನು ಎಡಬಲ ಬದಲಿಸಿ ಹೆಗಲು ಉಳಿಸುತ್ತಿದ್ದ ಜನ, ಗಾಡಿಗೂ ಅದೇ ಮಾಡುತ್ತಾರೆ. ಅಪ್ಪ ಮಗ ಇಬ್ಬರೂ ಸೇರಿ ಯುಗಾದಿಯ ಆಚೆ ಈಚೆ ಹಾಗೆ ಮಾಡಿದ್ದರು. ಚಕ್ರ ಬದಲಾದದ್ದು ಇವರಿಗೆ ಗೊತ್ತು, ಗಾಡಿಗೆ ಗೊತ್ತಿಲ್ಲ. ಗಾಡಿ ಇನ್ನೂ ಹಳೆ ಲೆಕ್ಕದಲ್ಲೇ ಹಿಂದಿನ ಎಡ ಎಂದು ದೂರುತ್ತಿತ್ತು. ಸತ್ತ ಸೆನ್ಸರ್ ಇದ್ದದ್ದು ಮುಂದಿನ ಬಲ ಚಕ್ರದಲ್ಲಿ. ನಾನು ಮಂಡಿಯೂರಿ ಹೊರಕ್ಕೆ ತೆಗೆದದ್ದು ಜೀವ ಇದ್ದದ್ದನ್ನು, ಗಾಡಿಯ ಲೆಕ್ಕದಲ್ಲಿ ಮುಂದಿನ ಬಲದ್ದನ್ನು; ಹೊಸ ಗೀಟು ಅದಕ್ಕೇ.

ಬೆಟ್ಟದ ಕೆಳಗಿನವರಾಗಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಅವರಿಗೆ ಚಕ್ರ ಬದಲಿಸುವ ಚಟವಿಲ್ಲ. ಈ ಮಾತು ನನಗೆ ಈಗಲೂ ಕಹಿ.

ಬಿಸಿಲು ನೆತ್ತಿಗೆ ಬಂದಿತ್ತು. ಬೀಗಿತ್ತಿಯ ಫೋನು ಬಂತು, ಹೊರಟಿರಾ ಎಂದು. ಇನ್ನೂ ಇಲ್ಲ ಎಂದೆ. ಒಂದು ನಿಟ್ಟುಸಿರು ಕೇಳಿಸಿತು, ಅದರಲ್ಲಿ ಬೇಸರವಿತ್ತೋ ನೆಮ್ಮದಿಯಿತ್ತೋ ನನಗೆ ತಿಳಿಯಲಿಲ್ಲ. ನಮ್ಮನೆಯವರು ಮೋಟಾರಿಗೆ ಸುತ್ತುವ ಕರಿ ಟೇಪು ತಂದು, ಗಾಜಿನ ಮೇಲೆ ದೀಪದ ಜಾಗಕ್ಕೆ ಅಂಟಿಸಿಬಿಡೋಣ ಎಂದರು. ನನಗೆ ಅದು ಬಹಳ ಒಳ್ಳೆಯ ಯೋಚನೆ ಅನಿಸಿತು. ಟೇಪಿನ ತುದಿ ಹುಡುಕಿ ಬಿಡಿಸಿ ಕೊಟ್ಟವಳೇ ನಾನು.

ಮಗ ಒಪ್ಪಲಿಲ್ಲ. "ಕೂಸು ಕೂರೋ ಗಾಡಿ, ಅಪ್ಪ," ಎಂದ. ಅಷ್ಟೇ ಅಂದದ್ದು. ಬೀಗಿತ್ತಿಯ ಭಯ ಇವನೊಳಗೂ ಇಳಿದಿತ್ತು ಎಂದು ನನಗೆ ಆಗ ಗೊತ್ತಾಯಿತು. ಮಗ ತಂದೆಯಾದ ಎಂದು ಹಿಗ್ಗಬೇಕೋ, ನನ್ನ ಸೋಮವಾರ ಹೋಯಿತು ಎಂದು ಅಳಬೇಕೋ.

ಮತ್ತೆ ಜಾಕಿ, ಮತ್ತೆ ಟ್ರ್ಯಾಕ್ಟರ್, ಮತ್ತೆ ಹಾರೆ. ಈ ಸಲ ಮುಂದಿನ ಬಲ ಚಕ್ರ. ನನ್ನ ಬಲಗೈ ಊದಿಕೊಂಡಿದ್ದರಿಂದ ಎಡಗೈ ಹಾಕಿದೆ. ಸತ್ತ ಗೊದಮೊಟ್ಟೆಯನ್ನು ತೆಗೆದು, ಬೆಳಿಗ್ಗೆ ತಪ್ಪಾಗಿ ತೆಗೆದ ಜೀವದ್ದನ್ನು ಅಲ್ಲಿಗೆ ಹಾಕಿದೆವು. ಅಂಚು ಕೂರದೆ ಸತಾಯಿಸಿತು, ಹಗ್ಗ ಒಂದು ಸಲ ಕಿತ್ತೇಹೋಯಿತು. ಸೋಪಿನ ನೀರು ಮೂರೂ ಜನರ ಮೇಲೆ. ರೇಷ್ಮೆ ಸೀರೆಯ ಸೆರಗಿಗೆ ಗ್ರೀಸು. ಎದುರು ಮನೆಯವಳು ಜಗಲಿಗೆ ಬಂದು ನಿಂತು, ಆರತಿ ನೀರು ಕಲಸಿಟ್ಟದ್ದು ಏನು ಮಾಡಲಿ ಎಂದು ಕೇಳಿದಳು. ನಿನ್ನ ಗಂಡನಿಗೇ ಬೆಳಗು ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ಕೆಲಸ ಮುಗಿದಾಗ ಹೊತ್ತು ವಾಲಿತ್ತು. ಆದರೂ ಹೊರಟೆವು. ದಾರಿಯಲ್ಲಿ ದೀಪ ಆರಿದರೆ ಆರಲಿ, ಸಿಕ್ಕಷ್ಟು ಹೊತ್ತು ಸಿಗಲಿ ಎಂದು. ನಮ್ಮನೆಯವರು ಹಿಂದೆ, ನಾನು ಮುಂದೆ, ಮಡಿಲಲ್ಲಿ ಕಂಬಳಿ. ನಾನು ರಸ್ತೆ ನೋಡಲಿಲ್ಲ, ಆ ಗಾಜನ್ನೇ ನೋಡುತ್ತಿದ್ದೆ. ತಾಳವಾಡಿ ದಾಟುತ್ತಿದ್ದಂತೆ ಮುಂದಿನ ಚಕ್ರದ ಗೀಟು ಹೋಗಿ ಅಂಕಿ ಬಂತು. ಹಿಂದಿನದ್ದು ಬರಲಿಲ್ಲ. ಕಾಡಿನ ನಡುವೆ ಆನೆ ದಾಟುತ್ತದೆ ಎಂದು ಗಾಡಿಗಳು ಸಾಲಾಗಿ ನಿಂತಿದ್ದವು. ಒಂದು ಹಿಂಡು, ನಡುವೆ ಮರಿ. ತಾಯಂದಿರು ಆ ಮರಿಯನ್ನು ಸೊಂಡಿಲಿನಿಂದ ತಳ್ಳಿಕೊಂಡು ನಿಧಾನವಾಗಿ ದಾಟಿಸಿದವು. ಬೇರೆ ದಿನವಾಗಿದ್ದರೆ ಕೈ ಮುಗಿಯುತ್ತಿದ್ದೆ. ಅಂದು ಮಾತ್ರ, ನಿಮ್ಮ ಮರಿ ನಿಮ್ಮ ಹತ್ತಿರವೇ ಇದೆಯಲ್ಲ, ಬೇಗ ಹೋಗಬಾರದಾ ಎಂದು ಗೊಣಗಿದೆ.

ಗಾಟಿ ಇಳಿಯಲು ಶುರುವಾಗುವ ದಿಂಬಂ ಇನ್ನೂ ಸ್ವಲ್ಪ ದೂರ ಇರುವಾಗ ಗಾಜಿನಲ್ಲಿ ಕೊನೆಯ ಗೀಟು ಹೋಗಿ ಅಂಕಿ ಬಂತು. ಮಡಕೆ ಆರಿತು. ಮಗ ನನ್ನ ಕಡೆ ತಿರುಗಿ ನಕ್ಕ, ಚಿಕ್ಕವನಾಗಿದ್ದಾಗ ನಗುತ್ತಿದ್ದ ಹಾಗೆ. ನಾನು ಬೀಗಿತ್ತಿಗೆ ಫೋನು ಹಚ್ಚಿದೆ. ದೀಪ ಆರಿತು, ದೀಪ ಆರಿತು ಎಂದು ಅದನ್ನೇ ಹೇಳಿದೆ.

"ಸಂತೋಷ ಅಕ್ಕ. ಆದ್ರೆ ಈಗ ಇಳ್ದು ಬಂದ್ರೆ ವಾಪಸ್ ಮೇಲಕ್ ಅತ್ತಾಕೆ ಗೇಟ್ ಬುಡ್ತಾರಾ? ಏಳ್ನೇ ತಿಂಗ್ಳು ಬನ್ನಿ. ಕೂಸು ಎಲ್ಲಿಗ್ ಓಯ್ತದೆ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಬಿಸಿಲು ಇರುವಾಗ ಹೊಸಿಲು ದಾಟಿಸುವುದು ಇನ್ನು ಆಗುವ ಮಾತಾಗಿರಲಿಲ್ಲ. ದಿಂಬಂನಲ್ಲಿ ಕಾರು ನಿಲ್ಲಿಸಿದರು. ಅಪ್ಪ ಮಗ ಟೀ ಕುಡಿದರು. ನಾನು ಗಾಟಿಯ ತಲೆಯಲ್ಲಿ ನಿಂತು ಕೆಳಗೆ ನೋಡಿದೆ. ಬಯಲು ಮಬ್ಬಾಗಿ ಹರಡಿತ್ತು, ದೂರದಲ್ಲಿ ಅಣೆಕಟ್ಟಿನ ನೀರು ಹೊಳೆಯುತ್ತಿತ್ತು. ಅದರ ಈಚೆ ಎಲ್ಲೋ ಒಂದು ಮನೆಯಲ್ಲಿ ಅವಳು ಮಗ್ಗುಲು ತಿರುಗುವುದು ಕಲಿಯುತ್ತಿದ್ದಳು. ಫೋನಿನಲ್ಲಿ ಸೊಸೆ ಹಾಗಂದಿದ್ದಳು. ಟೀ ಅಂಗಡಿಯವನು ನನ್ನ ರೇಷ್ಮೆ ಸೀರೆ ನೋಡಿ, ಮದುವೆಗೆ ಹೊರಟಿರಾ ಎಂದು ತಮಿಳಿನಲ್ಲಿ ಕೇಳಿದ. ಹೌದು, ಮುಗಿಯಿತು ಎಂದೆ. ಅಲ್ಲಿಂದಲೇ ಗಾಡಿ ತಿರುಗಿಸಿದೆವು.

ಏಳನೇ ತಿಂಗಳ ಮೊದಲ ಸೋಮವಾರ ಅದೇ ಕಾರಿನಲ್ಲಿ ಹೋದೆವು. ಬೀಗರು ಗಾಜಿನ ಕಡೆ ತಿರುಗಿಯೂ ನೋಡಲಿಲ್ಲ. ದೀಪ ಉರಿಯುತ್ತಿದ್ದರೂ ಅಂದು ಕಳಿಸುತ್ತಿದ್ದರೋ ಏನೋ. ಬೀಗಿತ್ತಿ ಕಣ್ಣು ಒರೆಸಿಕೊಳ್ಳುತ್ತಲೇ ಕೂಸನ್ನು ನನ್ನ ಕೈಗೆ ಕೊಟ್ಟರು.

ಕೂಸು ನನ್ನ ಮುಖ ನೋಡಿತು. ಒಂದು ಉಸಿರು ಎಳೆದುಕೊಂಡಿತು. ಆಮೇಲೆ ಕಿರುಚಿತು. ಅಳು ಅಲ್ಲ ಅದು, ಕಳ್ಳನನ್ನು ಕಂಡವರ ಹಾಗೆ. ಮೈ ಬಿಲ್ಲಾಗಿ ಬಗ್ಗಿಸಿ, ಎರಡೂ ಕೈ ತನ್ನ ಅಜ್ಜಿಯ ಕಡೆಗೆ ಚಾಚಿತು. ಅವಳಿಗೆ ನಾನೂ ಅಜ್ಜಿ ಎಂದು ಯಾರು ಹೇಳಬೇಕು.

ಐದನೇ ತಿಂಗಳ ಕೂಸು ಯಾರ ಕೈಗಾದರೂ ಹೋಗುತ್ತದೆ, ಯಾವ ಮಡಿಲಾದರೂ ಅದಕ್ಕೆ ಮಡಿಲು. ಏಳನೇ ತಿಂಗಳಿಗೆ ಅದಕ್ಕೆ ಮುಖ ಗೊತ್ತಾಗುತ್ತದೆ. ತನ್ನವರು ಯಾರು, ಹೊರಗಿನವರು ಯಾರು ಎಂದು ವಿಂಗಡಿಸಿಬಿಟ್ಟಿರುತ್ತದೆ. ನಮ್ಮ ಹಿರಿಯರು ಐದು ಎಂದು ಸುಮ್ಮನೆ ಇಟ್ಟದ್ದಲ್ಲ. ಕೂಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದರಲ್ಲ ಬೀಗಿತ್ತಿ. ಇಲ್ಲಿಗೆ ಹೋಗಿತ್ತು.

ಗಾಟಿ ಉದ್ದಕ್ಕೂ ಸೊಸೆ ಎತ್ತಿಕೊಂಡಿದ್ದಳು. ನಾನು ಮುಂದೆ ಕೂತು, ಕನ್ನಡಿಯಲ್ಲೂ ನನ್ನ ಮುಖ ಅವಳಿಗೆ ಕಾಣದ ಹಾಗೆ ಒರಗಿಕೊಂಡಿದ್ದೆ. ಬಿಸಿಲಿರುವಾಗಲೇ ಹೊಸಿಲು ದಾಟಿದರು. ಆರತಿ ಮಾಡಿದರು. ಎಲ್ಲ ಸಾಂಗವಾಯಿತು. ನಾನು ಅಡುಗೆಮನೆಯ ಬಾಗಿಲ ಮರೆಯಿಂದ ನೋಡಿದೆ, ಶುಭದ ಹೊತ್ತಿನಲ್ಲಿ ಅವಳು ಅಳಬಾರದೆಂದು. ಆದರೂ ಹೇಳುತ್ತೇನೆ, ನನ್ನ ಜನ್ಮದಲ್ಲಿ ಅಂಥ ಸಂತೋಷ ಕಂಡಿಲ್ಲ. ನನ್ನ ಮನೆಯ ತೊಟ್ಟಿಲು ತೂಗುವ ಸದ್ದು ಕೇಳುತ್ತಾ ಒಲೆಯ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ, ಒಬ್ಬಳೇ ಅಳುತ್ತಿದ್ದೆ. ಹಾಲು ಉಕ್ಕಿಹೋದದ್ದೂ ತಿಳಿಯಲಿಲ್ಲ.

ಸೊಸೆಯ ಮೇಲೆ ನನಗೆ ಸಿಟ್ಟಿಲ್ಲ. "ವಸಿ ದಿನ ಓಗ್ಲಿ ಅತ್ತೆ, ಒಗ್ಕೋತದೆ," ಎನ್ನುತ್ತಾಳೆ. ಒಗ್ಗಿಕೊಳ್ಳುತ್ತದೆ, ನನಗೂ ಗೊತ್ತು. ಹೋದ ದಿನಗಳು ಬರುವುದಿಲ್ಲ, ಅದೂ ಗೊತ್ತು.

ಈಗ ನಾನೊಂದು ದಾರಿ ಕಂಡುಕೊಂಡಿದ್ದೇನೆ. ನನ್ನ ಮುಖ ಕಂಡರೆ ಅಳುತ್ತಾಳೆ, ಬೆನ್ನು ಕಂಡರೆ ಅಳುವುದಿಲ್ಲ. ಅದಕ್ಕೆ ಪಡಸಾಲೆಯಲ್ಲಿ ಚಾಪೆ ಹಾಸಿ ಅವಳನ್ನು ಬಿಟ್ಟು, ಅವಳಿಗೆ ಬೆನ್ನು ಮಾಡಿ ಕೂತು ಅವರೆಕಾಯಿ ಬಿಡಿಸುತ್ತೇನೆ. ಹಿಂದೆ ಅವಳು ತೆವಳುವ ಸದ್ದು, ಉಸಿರಿನ ಸದ್ದು. ಇವತ್ತು ಬೆಳಿಗ್ಗೆ ಆ ಉಸಿರು ಹತ್ತಿರ ಬಂತು. ಸೀರೆ ಜಗ್ಗಿದ ಹಾಗಾಯಿತು. ಬೆನ್ನಿಗೆ ಎರಡು ಒದ್ದೆ ಅಂಗೈ ಅಂಟಿಕೊಂಡವು. ಅಲ್ಲಿಂದ ಒಂದು ಕೈ ಮೇಲೆ ತಡಕಾಡಿ ನನ್ನ ತುರುಬು ಹಿಡಿದು, ಪಿನ್ನು ಕಿತ್ತು ಬೀಳುವ ಹಾಗೆ ಎಳೆಯಿತು. ಕೂದಲೆಲ್ಲ ಬಿಚ್ಚಿ ಹರಡಿತು. ಅವಳು ಕೇಕೆ ಹಾಕಿ ನಕ್ಕಳು. ನೋವಿಗೋ ಏನಕ್ಕೋ ನನ್ನ ಕಣ್ಣಿಂದ ನೀರು ಬರುತ್ತಿತ್ತು.

ನಾನು ತಿರುಗಲಿಲ್ಲ.